ಕಸದ ಫೋಲ್ಡರಿನಲ್ಲಿ ದೊಡ್ಡಪ್ಪ

ವಿಶ್ವವಿದ್ಯಾಲಯದ ಭಾಷಾ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಧ್ವನಿಮುದ್ರಿಸಿದ ಮಾತುಗಳಿಂದ ಬೇಡದ್ದನ್ನು ಕತ್ತರಿಸುವುದು ಅವಳ ಕೆಲಸ. ಕಿವಿ ಎಷ್ಟು ಚುರುಕೆಂದರೆ, ಪಕ್ಕದ ಕೋಣೆಯಲ್ಲಿ ಯಾರಾದರೂ ಸುಳ್ಳು ರಜಾ ಅರ್ಜಿ ಬರೆದರೆ ಪೆನ್ನಿನ ಸದ್ದಿನಲ್ಲೇ ಕಂಡುಹಿಡಿಯುತ್ತಿದ್ದಳು. ಇಬ್ಬರು ಈ ಕಾರಣಕ್ಕೇ ವರ್ಗ ಮಾಡಿಸಿಕೊಂಡು ಹೋದರು.

ಮೂರು ವರ್ಷದಿಂದ ಅಲ್ಲಿ ತಯಾರಾಗುತ್ತಿದ್ದದ್ದು ಔಷಧಿಯ ಬಗ್ಗೆ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಕೊಡುವ ಯಂತ್ರ. ಅದಕ್ಕೆ ಮಾತು ಬಂದದ್ದು ಕತ್ತರಿಯ ದೊಡ್ಡಪ್ಪನಿಂದ. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದ ಅವರು, ಗಿರಾಕಿಗಳ ಒಪ್ಪಿಗೆ ಪಡೆದು, ಒಂದು ವರ್ಷದ ಮಾತುಕತೆಯನ್ನೆಲ್ಲ ಧ್ವನಿಮುದ್ರಿಸಲು ಬಿಟ್ಟಿದ್ದರು. ಹೋದ ತಿಂಗಳು ತೀರಿಕೊಂಡರು.

ಸೋಮವಾರ ಯಂತ್ರ ನೂರು ಆಸ್ಪತ್ರೆಗಳಿಗೆ ಹೋಗಬೇಕು. ಅದನ್ನು ನಂಬಬಹುದು ಎಂಬ ಪತ್ರಕ್ಕೆ ಮುಖ್ಯಸ್ಥೆ ಮೇಡಂ ಸಹಿಯೊಂದೇ ಬಾಕಿ. ಸಹಿ ಬಿದ್ದರೆ ಕತ್ತರಿಗೆ ಡಾಕ್ಟರೇಟು.

ಶುಕ್ರವಾರ ದೊಡ್ಡಮ್ಮ ಗಂಡನ ದನಿ ಕೇಳಲು ಬಂದರು. ಕನ್ನಡಕ ಒರೆಸಿಕೊಂಡು ಮೈಕಿನ ಮುಂದೆ ಕೂತರು.

"ರೀ, ಮಂಡಿನೋವಿನ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ, ಎರಡೂ ಒಟ್ಟಿಗೆ ತಗೋಬಹುದೇನ್ರೀ?"

"ಧಾರಾಳವಾಗಿ ತಗೊಳ್ಳಿ," ಎಂದಿತು ದೊಡ್ಡಪ್ಪನ ದನಿ. ಪ್ರಶ್ನೆ ಪೂರ್ತಿ ಮುಗಿದೂ ಇರಲಿಲ್ಲ.

ದೊಡ್ಡಮ್ಮ ಕಣ್ಣೊರೆಸಿಕೊಂಡರು. "ದನಿ ಅವರದ್ದೇ ಕಣೇ. ಆದ್ರೆ ನಮ್ಮನೆಯವರು ಯಾವತ್ತು ಇಷ್ಟು ಬೇಗ ಬಾಯಿ ಬಿಟ್ಟಿದ್ರು? ಹೆಣ್ಣು ಒಪ್ಪಿಗೆನಾ ಅಂತ ಕೇಳಿದ್ದಕ್ಕೆ ಹೂಂ ಅನ್ನೋಕೇ ಹದಿನೆಂಟು ದಿನ ತಗೊಂಡ್ರು."

"ಅಮ್ಮಾ, ಸಾವಿರ ಪ್ರಶ್ನೆ ಕೇಳಿ ಪರೀಕ್ಷೆ ಮಾಡಿದೀವಿ," ಎಂದರು ಮೇಡಂ. "ನೂರಕ್ಕೆ ತೊಂಬತ್ತಾರು ಸರಿ."

"ಮಿಕ್ಕ ನಾಲ್ಕು ಜನ ಏನಾಗ್ತಾರೆ?"

ಮೇಡಂ ಕತ್ತರಿಯ ಕಡೆ ತಿರುಗಿದರು. ಆ ಸಾವಿರ ಪ್ರಶ್ನೆಗಳನ್ನು ಆರಿಸಿದ್ದವಳು ಕತ್ತರಿ. ದೊಡ್ಡಪ್ಪ ಥಟ್ಟನೆ ಉತ್ತರಿಸಿದ್ದವುಗಳನ್ನೇ ಆರಿಸಿದ್ದಳು.

ಅವಳು ಎದ್ದುಹೋಗಿ ಕಂಪ್ಯೂಟರಿನಲ್ಲಿ 'ಕಸ' ಎಂಬ ಫೋಲ್ಡರ್ ತೆರೆದಳು. ಕತ್ತರಿಸಿ ಎಸೆದ ತುಣುಕುಗಳು, ನಾಲ್ಕು ಸಾವಿರಕ್ಕೂ ಹೆಚ್ಚು. ಹುಡುಕಿ ಒಂದನ್ನು ಹಾಕಿದಳು. ಯಾರೋ ಗಿರಾಕಿ ಹೆಂಗಸು ಇದೇ ಪ್ರಶ್ನೆ ಕೇಳುತ್ತಾಳೆ. ಆಮೇಲೆ ಹನ್ನೊಂದು ಸೆಕೆಂಡು ಏನೂ ಇಲ್ಲ. ಪುಸ್ತಕದ ಹಾಳೆ ಮಗುಚುವ ಸದ್ದು. ಕಡೆಗೆ ದೊಡ್ಡಪ್ಪ: "ತಾಳಮ್ಮ. ನಂಗೆ ಸರಿಯಾಗಿ ಗೊತ್ತಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಹೇಳ್ತೀನಿ. ಅಲ್ಲೀವರೆಗೂ ನುಂಗಬೇಡ."

"ಇವರೇ," ಎಂದರು ದೊಡ್ಡಮ್ಮ.

"ಮೇಡಂ, ಸಹಿ ಹಾಕಬೇಡಿ," ಎಂದಳು ಕತ್ತರಿ.

"ನಿನ್ನ ಡಿಗ್ರಿ ಕಣೇ ಅದು. ಮೂರು ವರ್ಷ ಸವೆಸಿದೀಯ."

"ದೊಡ್ಡಪ್ಪ ಗೊತ್ತಿಲ್ಲ ಅಂದಿದ್ದನ್ನೆಲ್ಲ, ಉತ್ತರ ಇಲ್ಲ ಅಂತ ನಾನೇ ಕಸಕ್ಕೆ ಹಾಕಿದೀನಿ. ಈ ಯಂತ್ರ ಆ ಮಾತನ್ನ ಒಂದು ಸಲಾನೂ ಕೇಳಿಲ್ಲ ಮೇಡಂ. ಹೇಗೆ ಹೇಳುತ್ತೆ?"

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಪತ್ರವನ್ನು ಎರಡಾಗಿ ಮಡಚಿ ಡ್ರಾಯರಿಗೆ ಸೇರಿಸಿ, ಆಸ್ಪತ್ರೆಯವರಿಗೆ ಫೋನ್ ಮಾಡಿದರು. "ಸೋಮವಾರ ಆಗಲ್ಲ ಸಾರ್. ಒಂದು ವರ್ಷಾನೂ ಆಗಬಹುದು." ಆ ಕಡೆಯವರು ಕೂಗಾಡಿದ್ದು ಎರಡು ಮಹಡಿ ಕೆಳಗಿನ ಕಾವಲುಗಾರನಿಗೂ ಕೇಳಿಸಿತು. ಮೇಡಂ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು ನಿಂತಿದ್ದರು.

ಯಂತ್ರಕ್ಕೆ ಕೇಳಿಸಲೆಂದು ಕತ್ತರಿ ಕಸದ ಮೊದಲನೇ ತುಣುಕು ತೆರೆದಳು. ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.