ಮತ್ತೆ ಕೂತ ಹಲ್ಲು

ಸೋಮಮ್ಮ ಹಾಲು ಕಾಯಿಸಲು ಒಲೆ ಊದುತ್ತಿದ್ದಳು. ಜಗಲಿಯಲ್ಲಿ ಮಗ ಸ್ವಾಮಿ ಹೆಂಡತಿ ಮಾಲಿನಿಯ ಮೇಲೆ ಕೂಗಾಡುತ್ತಿದ್ದ. ಅಂಗಿ ಒಗೆದಿಲ್ಲವೆಂಬುದು ಅವತ್ತಿನ ನೆಪ. ಶಾಗ್ಯ ಊರಿನ ಆ ಬೀದಿಗೆ ಅದು ಹೊಸದಲ್ಲ. ಗಂಡಸಿನ ಸಿಟ್ಟು, ತಾನೇ ಇಳಿಯುತ್ತದೆ ಎಂದುಕೊಂಡು ಸೋಮಮ್ಮ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ಮಗು ಚೀರಿತು. ಅವ್ವನಿಗೆ ಬೀಳುವ ಏಟಿಗೆ ಅಡ್ಡ ಬಂದ ಎಂಟು ವರ್ಷದ ಸಿಂಧುವಿನ ಬಾಯಿಗೇ ಅದು ಬಿದ್ದು, ಹೊಸದಾಗಿ ಹುಟ್ಟಿದ್ದ ಮುಂದಿನ ಹಲ್ಲು ಬೇರುಸಮೇತ ನೆಲಕ್ಕೆ ಉದುರಿತ್ತು. ಸ್ವಾಮಿ ಕೈಯೆತ್ತಿದವನು ಹಾಗೇ ನಿಂತುಬಿಟ್ಟಿದ್ದ.

"ಇದು ಬಿದ್ರೆ ಮತ್ತೆ ಹುಟ್ಟಲ್ಲ ಕಣತ್ತೆ! ಹಾಲ್ನಲ್ಲಿ ಹಾಕಂಡು ಬೇಗ ತಗಂಡೋದ್ರೆ ಕೂರಿಸ್ತಾರಂತೆ, ಸ್ಕೂಲಿಗೆ ಬಂದಿದ್ದ ಡಾಕ್ಟ್ರು ಹೇಳಿದ್ರು" ಎಂದಳು ಮಾಲಿನಿ.

ಹಲ್ಲು ಹಾಕಿದ ಹಾಲಿನ ಲೋಟ ತುಳುಕದಂತೆ ಹಿಡಿದು, ಸಿಕ್ಕಿದ ಟೆಂಪೊ ಹತ್ತಿ, ಅತ್ತೆ ಸೊಸೆ ಮಗುವಿನೊಂದಿಗೆ ಕೊಳ್ಳೇಗಾಲ ಸೇರಿದರು. ಅಲ್ಲಿನ ದಂತವೈದ್ಯ ಡಾಕ್ಟರ್ ಷಡಕ್ಷರಿ ಹಲ್ಲನ್ನು ತೊಳೆದು, ಇದ್ದ ಜಾಗದಲ್ಲೇ ಕೂರಿಸಿ, ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿ ಬಿಗಿದರು.

"ಹೇಗಾಯ್ತು?" ಎಂದು ಕೇಳಿದರು.

ಮಾಲಿನಿ ಬಾಯಿ ತೆರೆಯುವ ಮೊದಲೇ ಸೋಮಮ್ಮ ಹೇಳಿದಳು: "ಜಗಲಿಯಿಂದ ಬಿದ್ಲು ಸಾ."

ವರ್ಷ ಕಳೆಯುವಷ್ಟರಲ್ಲಿ ಆ ಹಲ್ಲು ಹಳದಿಗೆ ತಿರುಗಿತು. ಗಾಬರಿಯಿಂದ ಮೂವರೂ ಮತ್ತೆ ಕೊಳ್ಳೇಗಾಲಕ್ಕೆ ಹೋದರು. ಡಾಕ್ಟರ್ ಎಕ್ಸ್‌ರೇ ತೆಗೆದು ನೋಡಿದರು.

"ಎಳೇ ಹಲ್ಲಾದ್ದರಿಂದ ಒಳಗಿನ ನರ ಮತ್ತೆ ಜೀವ ಹಿಡಿದಿದೆ. ಆದರೆ ಪೆಟ್ಟು ತಿಂದ ನರ ಸುತ್ತಲೂ ಗಟ್ಟಿ ಪದರ ಕಟ್ಟುತ್ತಾ ತನ್ನ ಜಾಗವನ್ನೇ ಮುಚ್ಚಿಕೊಂಡಿದೆ, ಅದಕ್ಕೇ ಈ ಹಳದಿ. ಸದ್ಯಕ್ಕೆ ಏನೂ ಮಾಡೋದು ಬೇಡ. ಆಗಾಗ ತೋರಿಸ್ತಾ ಇರಿ."

ಹೇಳುತ್ತಲೇ ಅವರು ಮಗುವಿನ ಕೆನ್ನೆ ಸವರಲು ಕೈ ಚಾಚಿದರು. ಸಿಂಧು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮುದುರಿದಳು. ಡಾಕ್ಟರ್ ಸೋಮಮ್ಮನನ್ನೇ ನೋಡಿದರು. ಅವಳು ತಲೆ ಎತ್ತಲಿಲ್ಲ. ವಾಪಸು ಬರುವಾಗ ಹನೂರು ದಾಟಿ ಊರು ಮುಟ್ಟುವವರೆಗೂ ಮೊಮ್ಮಗಳನ್ನು ತೊಡೆಯಿಂದ ಇಳಿಸಲೂ ಇಲ್ಲ.

ಮನೆ ಮುಂದೆ ಸ್ವಾಮಿ ಕಾದು ನಿಂತಿದ್ದ. "ಎಲ್ಲೇ ಓಗಿದ್ದೆ, ಯೋಳ್ದೆ ಕೇಳ್ದೆ?" ಎಂದು ಹೆಂಡತಿಯತ್ತ ನುಗ್ಗಿದ.

ಸೋಮಮ್ಮ ಸೊಸೆ, ಮೊಮ್ಮಗಳಿಬ್ಬರನ್ನೂ ಒಳಕ್ಕೆ ತಳ್ಳಿ, ತಾನೂ ಹೊಕ್ಕು ಅಗುಳಿ ಹಾಕಿದಳು. ಸ್ವಾಮಿ ಬಾಗಿಲು ಬಡಿದ. ಎದುರು ಮನೆಯ ಚಿಕ್ಕನಿಂಗಮ್ಮ ಹೊರಬಂದು ಕೂಗಿದಳು: "ಏನಾಯ್ತು ಸೋಮಕ್ಕಾ?"

ಸೋಮಮ್ಮ ಕಿಟಕಿಗೆ ಬಂದು ಇಡೀ ಬೀದಿಗೆ ಕೇಳುವಂತೆ ಹೇಳಿದಳು: "ನನ್ ಮಗ ಎಂಡ್ರಿಗೆ ಒಡೆಯಾಕೆ ಬಂದ. ಮಗೀನ ಹಲ್ಲು ಉದುರ್ಸಿದ್ದೂ ಅವ್ನೇ. ಅದ್ಕೆ ಆಚೆ ನಿಲ್ಸಿವ್ನಿ."

ಬಡಿತ ನಿಂತಿತು. ಜನ ನೋಡುತ್ತಿದ್ದರು. ಸ್ವಾಮಿ ಮೆಟ್ಟಿಲ ಮೇಲೆ ಕುಸಿದು ಕೂತ. ಕತ್ತಲಾಗುತ್ತಾ ಬಂದಾಗ ಅವನ ದನಿ ಸಣ್ಣಗೆ ಕೇಳಿತು: "ಅವ್ವಾ, ಬಾಗ್ಲು ತಗಿ. ಇನ್ ಕೈ ಎತ್ತಲ್ಲ."

"ನನ್ನ ಕೇಳ್ಬ್ಯಾಡ ಕಣ್ಲಾ" ಎಂದಳು ಸೋಮಮ್ಮ. "ಅವಳ್ನ ಕೇಳು."

ಮಾಲಿನಿ ಮಗುವಿಗೆ ಉಣಿಸುತ್ತಿದ್ದಳು. ಕೊನೆಯ ತುತ್ತು ಮುಗಿಯುವವರೆಗೂ ಅವಳು ಏಳಲಿಲ್ಲ.