ನನ್ನ ಎಂಟನೆಯ ಪುಟ

ನಾನು ಒಂದು ಪಠ್ಯಕ್ರಮ ಪುಸ್ತಿಕೆ. ಮೂವತ್ತು ಹಾಳೆ, ನೀಲಿ ರಟ್ಟು, ಮೂಲೆಯಲ್ಲೊಂದು ತೂತು, ತೂತಿನಲ್ಲಿ ಬಿಳಿ ಟ್ಯಾಗಿನ ದಾರ. ರಟ್ಟಿನ ಮೇಲೆ ‘ಗಣಕ ವಿಜ್ಞಾನ ಸ್ನಾತಕೋತ್ತರ ಪದವಿ: ನಿಯಮಗಳು ಮತ್ತು ಪಠ್ಯಕ್ರಮ’ ಎಂದು ಅಚ್ಚಾಗಿದೆ. ಹೆಸರು ಓದುತ್ತಲೇ ನಿಮಗೆ ಆಕಳಿಕೆ ಬಂದಿದ್ದರೆ ಸಂಕೋಚ ಬೇಡ. ಎಲ್ಲರಿಗೂ ಬರುತ್ತದೆ, ನನಗದು ರೂಢಿಯಾಗಿದೆ.

ಅಚ್ಚಾಗುವ ಮೊದಲು ನಾನು ಒಂದು ವರ್ಷ ಉಳ್ಳಾಗಡ್ಡಿ ಸರ್ ಅವರ ತಲೆಯಲ್ಲಿದ್ದೆ. ಅವರು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನ ವಿಭಾಗದ ಮುಖ್ಯಸ್ಥರು. ದಪ್ಪ ಚಷ್ಮಾ, ಹಸಿರು ಶಾಯಿಯ ಪೆನ್ನು, ಮಾತಿಗೊಮ್ಮೆ ಮೇಜು ಕುಟ್ಟುವ ಅಭ್ಯಾಸ. ಏನೇನು ಓದಿದರೆ ಪದವಿ ಕೊಡಬೇಕು ಎಂದು ಬರೆಯುವ ಕೆಲಸ ಅವರ ಪಾಲಿಗೆ ಬಂದಿತ್ತು. ನಿಯಮಗಳು ಕನ್ನಡದಲ್ಲೇ ಇರಬೇಕೆಂದು ಹಠ ಹಿಡಿದು ಬರೆದರು. ನಾಲ್ಕು ಸೆಮಿಸ್ಟರು, ಹದಿನಾರು ಕಡ್ಡಾಯ ವಿಷಯ, ಪ್ರಯೋಗಾಲಯ, ಕೊನೆಗೊಂದು ಪ್ರಾಜೆಕ್ಟು, ಶೇಕಡಾ ಎಪ್ಪತ್ತೈದು ಹಾಜರಿ. ಇಷ್ಟಕ್ಕೆ ಸಭೆಯಲ್ಲಿ ಯಾರೂ ತಕರಾರು ಎತ್ತಲಿಲ್ಲ. ತಕರಾರು ಬಂದದ್ದು ಎಂಟನೆಯ ಪುಟಕ್ಕೆ.

ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಿಷಯವನ್ನು ಬೇರೊಂದು ವಿಭಾಗಕ್ಕೆ ಹೋಗಿ ಓದತಕ್ಕದ್ದು, ಅದಿಲ್ಲದೆ ಪದವಿ ಕೊಡತಕ್ಕದ್ದಲ್ಲ ಎಂದು ಅಲ್ಲಿ ಬರೆದಿತ್ತು.

“ನಮ್ಮ ಹುಡುಗರು ಎರಡು ವರ್ಷ ಈ ಕಟ್ಟಡ ಬಿಟ್ಟು ಹೊರಗ ಬರಂಗಿಲ್ರಿ. ಒಂದ್ ವಿಷಯಕ್ಕರ ಬ್ಯಾರೆ ಮಂದಿ ಕೂಡ ಕುಂತು ಬರಲಿ,” ಎಂದು ಸರ್ ಮೇಜು ಕುಟ್ಟಿದರು.

ಅದನ್ನು ಹೇಗೋ ಒಪ್ಪಿಕೊಂಡರು. ಆದರೆ ಅದರ ಕೆಳಗೆ ಸರ್ ಇನ್ನೊಂದು ಉಪನಿಯಮ ಸೇರಿಸಿದ್ದರು. ತಿಳಿಯದೆ ಈ ವಿಷಯ ತಪ್ಪಿದವರು ಬೇಸಿಗೆ ರಜೆಯಲ್ಲಿ ಅದನ್ನು ಓದಿ ಮುಗಿಸಬಹುದು. ಅರ್ಜಿ ಬಂದ ನಲವತ್ತೈದು ದಿನಗಳೊಳಗೆ ಅವರಿಗಾಗಿ ಪರೀಕ್ಷೆ ನಡೆಸತಕ್ಕದ್ದು.

“ಸರ, ಇಂಥಾ ತಪ್ಪು ಯಾರ್ ಮಾಡ್ತಾರ್ರಿ? ಇದು ಯಾರಿಗೆ ಬೇಕಾಗೇತಿ?” ಎಂದು ಸದಸ್ಯರೊಬ್ಬರು ನಕ್ಕರು.

“ಒಬ್ಬರಿಗೆ ಬೇಕಾದ್ರೂ ಸಾಕ್ರಿ. ಇರಲಿ.”

ಅಷ್ಟರಲ್ಲಿ ಚುರುಮುರಿ, ಚಹಾ ಬಂದವು. ಚಹಾ ಆರೀತೆಂದು ಎಲ್ಲರೂ ಸಹಿ ಹಾಕಿಬಿಟ್ಟರು. ಹಾಗೆ ನಾನು ಹುಟ್ಟಿದೆ.

ಮೊದಮೊದಲು ನನಗೆ ಸಿಕ್ಕಾಪಟ್ಟೆ ಜಂಬ. ಮಾತೆತ್ತಿದರೆ ‘ತಕ್ಕದ್ದು’ ಎನ್ನುವವರಿಗೆ ಜಂಬ ಬಾರದೆ ಇರುತ್ತದೆಯೇ? ನನ್ನನ್ನು ಕೇಳದೆ ಇಲ್ಲಿ ಒಬ್ಬರೂ ಪದವೀಧರರಾಗುವುದಿಲ್ಲ ಎಂದುಕೊಂಡಿದ್ದೆ. ನನ್ನ ಜೊತೆ ಇನ್ನೂ ಹತ್ತೊಂಬತ್ತು ಪ್ರತಿಗಳು ಅಚ್ಚಾಗಿದ್ದವು. ಸಭೆಯವರು ಒಂದೊಂದು ಒಯ್ದರು. ವರ್ಷದೊಳಗೆ ನನ್ನ ಒಡಹುಟ್ಟಿದವರಲ್ಲಿ ಕೆಲವರು ಗೇಟಿನೆದುರಿನ ಗಿರಮಿಟ್ ಗಾಡಿಯಲ್ಲಿ ಪೊಟ್ಟಣವಾಗಿ ಎಣ್ಣೆ ಕುಡಿದು ಕೂತಿದ್ದರೆಂದು ಕೇಳಿದೆ. ಮಿಕ್ಕವರ ಸುಳಿವೇ ಇಲ್ಲ. ಕಚೇರಿಗೆ ಉಳಿದದ್ದು ನಾನೊಬ್ಬನೇ.

ಉಳ್ಳಾಗಡ್ಡಿ ಸರ್ ಇರುವವರೆಗೆ ನನ್ನನ್ನು ತೆರೆಯುವ ಅಗತ್ಯವೇ ಬೀಳಲಿಲ್ಲ. ಪ್ರತಿ ವರ್ಷ ಪಡಸಾಲೆಯಲ್ಲಿ ನಿಂತು, ಕೈಗೆ ಸಿಕ್ಕವರ ಹೆಗಲು ಹಿಡಿದು ಒಬ್ಬರನ್ನು ಇತಿಹಾಸಕ್ಕೆ, ಇನ್ನೊಬ್ಬರನ್ನು ಸಂಖ್ಯಾಶಾಸ್ತ್ರಕ್ಕೆ ಅವರೇ ಅಟ್ಟುತ್ತಿದ್ದರು. ನಿವೃತ್ತಿಯ ದಿನ ಹಾರದ ಭಾರಕ್ಕೆ ಬಗ್ಗಿಕೊಂಡೇ ಕಚೇರಿಗೆ ಬಂದು ನನ್ನ ರಟ್ಟಿನ ಮೇಲೆ ಕೈಯಾಡಿಸಿದರು.

“ಮಕಾನದಾರ, ಇದನ್ನ ಜ್ವಾಕಿ ಇಡ್ರಿ,” ಎಂದರು. ಆಮೇಲೆ ಅವರು ಬರಲಿಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಸೂಚನಾಫಲಕದಲ್ಲಿ ಬಂತಂತೆ. ನನಗೆ ಅದನ್ನು ನೋಡಲೂ ಆಗಲಿಲ್ಲ.

ಮಕಾನದಾರರು ಕಚೇರಿಯ ಗುಮಾಸ್ತರು. ಒಳ್ಳೆಯ ಮನುಷ್ಯ. ಜೋಪಾನ ಎಂದರೆ ಅವರಿಗೆ ಬಲು ಜೋಪಾನ. ಮೂಲಪ್ರತಿ ಕೈಯಿಂದ ಕೈಗೆ ಹೋದರೆ ಸವೆಯುತ್ತದೆಂದು ನನ್ನನ್ನು ಜೆರಾಕ್ಸ್ ಅಂಗಡಿಗೆ ಒಯ್ದರು. ಅಂಗಡಿಯವನು ಟ್ಯಾಗು ಬಿಚ್ಚಿ, ನನ್ನ ಹಾಳೆಗಳನ್ನು ಇಡೀ ಕಟ್ಟಾಗಿ ಯಂತ್ರದ ಬಾಯಿಗೆ ಕೊಟ್ಟ. ಅದು ಒಂದೇ ಬದಿ ನೋಡುವ ಯಂತ್ರ. ವಿಷಯಗಳ ಹಾಳೆಗಳು ಒಂದೇ ಬದಿ ಅಚ್ಚಾಗಿದ್ದರಿಂದ ಅವು ಸರಿಯಾಗಿಯೇ ಬಂದವು. ಆದರೆ ನಿಯಮಗಳ ಮೊದಲ ಆರು ಹಾಳೆಗಳಿಗೆ ಎರಡೂ ಬದಿ ಅಚ್ಚಿತ್ತು. ಅವುಗಳ ಬೆನ್ನು ಅಲ್ಲೇ ಉಳಿಯಿತು. ಎರಡು, ನಾಲ್ಕು, ಆರು, ಎಂಟು, ಹತ್ತು, ಹನ್ನೆರಡನೆಯ ಪುಟಗಳು ನನ್ನ ಹೊರತು ಈ ಲೋಕದಲ್ಲಿ ಎಲ್ಲೂ ಇಲ್ಲವಾದವು. ಮಕಾನದಾರರು ವಿಷಯಗಳೆಲ್ಲ ಬಂದಿವೆಯೇ ಎಂದಷ್ಟೇ ಎಣಿಸಿಕೊಂಡು ಬಂದರು. ನಿಯಮಗಳನ್ನು ಎಣಿಸುವವರು ಯಾರು?

ಆ ಪ್ರತಿಯಿಂದ ಮತ್ತೆ ಪ್ರತಿಗಳಾದವು. ನಾನು ಕಪಾಟು ಸೇರಿದೆ. ಮುಂದೊಂದು ದಿನ ಪ್ರಿಂಟರಿನ ಒಂದು ಕಾಲು ಮುರಿದಾಗ, ಹೇಗಿದ್ದರೂ ಜೆರಾಕ್ಸ್ ಇದೆಯಲ್ಲ ಎಂದು ಯಾರೋ ನನ್ನನ್ನು ಎತ್ತಿ ಅದರ ಕೆಳಗೆ ಇಟ್ಟರು. ನನ್ನ ದಪ್ಪ ಆ ಮುರಿದ ಕಾಲಿನಷ್ಟೇ ಇತ್ತು. ಬದುಕಿನಲ್ಲಿ ನಾನು ಸರಿಯಾಗಿ ಹೊಂದಿಕೊಂಡ ಜಾಗ ಅದೊಂದೇ ಇರಬೇಕು.

ನಾಲ್ಕು ವರ್ಷ ಅಲ್ಲಿದ್ದೆ. ಪ್ರವೇಶಪತ್ರ, ವೇಳಾಪಟ್ಟಿ, ಅಂಕಪಟ್ಟಿ ಎಲ್ಲವೂ ನನ್ನ ತಲೆಯ ಮೇಲೆಯೇ ಬಿಸಿಬಿಸಿಯಾಗಿ ಹೊರಬೀಳುತ್ತಿದ್ದವು. ಪ್ರತಿ ಹಾಳೆಗೂ ನಾನು ಒಮ್ಮೆ ನಡುಗುತ್ತಿದ್ದೆ. ಹುಡುಗ ಹುಡುಗಿಯರು ಬಂದು ಮಕಾನದಾರರನ್ನು ಕೇಳುತ್ತಿದ್ದರು, ಒಬ್ಬರನ್ನೊಬ್ಬರು ಕೇಳುತ್ತಿದ್ದರು, ಹೋದ ವರ್ಷದವರಿಗೆ ಫೋನು ಹಚ್ಚಿ ಕೇಳುತ್ತಿದ್ದರು. ನನ್ನನ್ನು ಕೇಳಿದವರಿಲ್ಲ. ಉತ್ತರವೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡು ಸುಮ್ಮನೆ ಬಿದ್ದಿರುವುದಿದೆಯಲ್ಲ, ಆ ಒಂಟಿತನ ನನ್ನನ್ನು ತಿಂದುಹಾಕಿತು. ಜಂಬ ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ.

ಆಗ ಬಂದವಳು ಕಸ್ತೂರಿ ತಳಕಲ್ಲ. ಗದಗದ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ಪ್ರಯೋಗಾಲಯದ ಸಹಾಯಕಿಯಾಗಿದ್ದವಳು. ಬೆಳಗ್ಗೆ ಯಂತ್ರಗಳ ಮುಸುಕು ತೆಗೆದು ಧೂಳು ಒರೆಸುವುದು, ಪಾಠ ಮಾಡುವವರು ಬಂದರೆ ಗೋಡೆಗೆ ಸರಿದು ನಿಲ್ಲುವುದು ಅವಳ ಕೆಲಸ. ತಾನೂ ಒಂದು ದಿನ ಹಲಗೆಯ ಮುಂದೆ ನಿಂತು ಪಾಠ ಮಾಡಬೇಕು ಎಂಬ ಆಸೆಗೆ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸಂಬಳವಿಲ್ಲದ ಎರಡು ವರ್ಷದ ರಜೆ ಹಾಕಿ ಓದಲು ಬಂದಿದ್ದಳು.

ರಜೆ ಮಂಜೂರಾಗಿ ಅವಳು ಬರುವಷ್ಟರಲ್ಲಿ ತರಗತಿ ಶುರುವಾಗಿ ಮೂರು ವಾರವಾಗಿತ್ತು. ಉಳಿದವರು ಆಗಲೇ ಗುಂಪು ಕಟ್ಟಿಕೊಂಡು ಬೇರೆ ವಿಭಾಗದ ವಿಷಯಕ್ಕೆಂದು ವಾಣಿಜ್ಯ ವಿಭಾಗದಲ್ಲಿ ಹೆಸರು ಬರೆಸಿಯಾಗಿತ್ತು. ಇವಳಿಗೆ ಹೇಳುವವರಿಲ್ಲ. ಸೂಚನಾಫಲಕದಲ್ಲಿ ನಮ್ಮ ವಿಭಾಗದ ಹೆಸರಿನಲ್ಲಿ ‘ಕಂಪ್ಯೂಟರ್ ಪರಿಚಯ’ ಎಂಬ ವಿಷಯ ಕಂಡಳು, ಬರೆಸಿದಳು. ಅದು ಬೇರೆ ವಿಭಾಗದವರಿಗಾಗಿ ಇಟ್ಟ ವಿಷಯ. ಇತಿಹಾಸದವರ, ಸಂಗೀತದವರ ನಡುವೆ ಕೂತು ಮೌಸ್ ಹಿಡಿಯುವುದು ಹೇಗೆ ಎಂಬ ಪಾಠವನ್ನು ಅವಳು ಒಂದು ಸೆಮಿಸ್ಟರು ಕೇಳಿದಳು. ಪಾಠ ಮಾಡುವ ಅತಿಥಿ ಉಪನ್ಯಾಸಕರು ಇಷ್ಟು ಚುರುಕಿನವರನ್ನು ನೋಡೇ ಇಲ್ಲ ಎಂದು ಹೊಗಳಿದ್ದೂ ಆಯಿತು. ನಿಯಮವೇ ಹೀಗಿರಬೇಕು ಎಂದುಕೊಂಡು ಅವಳು ನೂರಕ್ಕೆ ತೊಂಬತ್ತೆಂಟು ತೆಗೆದಳು.

ನಾಲ್ಕನೆಯ ಸೆಮಿಸ್ಟರು ಮುಗಿದು ಮೇ ಕೊನೆಯಲ್ಲಿ ಫಲಿತಾಂಶ ಬಂತು. ಅವಳ ಹೆಸರಿನ ಮುಂದೆ ‘ತಡೆಹಿಡಿಯಲಾಗಿದೆ’ ಎಂದಿತ್ತು. ಕಚೇರಿಗೆ ಓಡಿ ಬಂದಳು.

“ನಾ ಪಾಸಾಗೀನಲ್ರಿ ಸರ. ತೊಂಬತ್ತೆಂಟು ಬಿದ್ದಾವು.”

“ಬಿದ್ದಾವ ತಂಗಿ. ಆದ್ರ ಅದು ಬ್ಯಾರೆದವ್ರ ವಿಷಯ. ನೀ ಇದೇ ವಿಭಾಗದಾಕಿ. ಪರೀಕ್ಷಾ ವಿಭಾಗದವ್ರು ಲೆಕ್ಕಕ್ಕ ಹಿಡಿಯಂಗಿಲ್ಲ ಅಂತಾರ,” ಎಂದರು ಮಕಾನದಾರರು.

“ಹಂಗಾರ ಈಗೇನ್ ಮಾಡ್ಲಿರಿ?”

“ಬರೋ ವರ್ಷ ತಗೋಬೇಕವಾ. ಮತ್ತೇನ್ ದಾರಿ ಇಲ್ಲ.”

“ಆಗಸ್ಟ್ ಒಂದಕ್ಕ ನಮ್ ಕಾಲೇಜ್‌ನ್ಯಾಗ ಪದವಿ ಪತ್ರ ತೋರಸ್ಬೇಕ್ರಿ. ತೋರ್ಸಿದ್ರ ಪಾಠ ಮಾಡೋ ಕೆಲಸ. ಇಲ್ಲಂದ್ರ ಆ ಜಾಗಾ ಇನ್ನೊಬ್ಬರಿಗೆ. ನಾ ಮತ್ತ ಮುಸುಕು ತಗ್ಯಾಕ ಹೋಗ್ಬೇಕು.”

ದಾರಿ ಇದೆ, ನನ್ನ ಎಂಟನೆಯ ಪುಟದಲ್ಲಿದೆ, ಕೆಳಗಿನಿಂದ ಆರನೆಯ ಸಾಲು! ನಾನು ಅವಳಿಂದ ಎರಡು ಮಾರು ದೂರದಲ್ಲಿದ್ದೆ. ಮೇಲೆ ಪ್ರಿಂಟರು. ಅವಳು ಕಣ್ಣೊರೆಸಿಕೊಂಡು ಹೊರಗೆ ಹೋದಳು. ಹುಟ್ಟಿದಾಗಿನಿಂದ ನಾನು ಅಷ್ಟು ಸಂಕಟಪಟ್ಟಿರಲಿಲ್ಲ.

ಹತ್ತು ನಿಮಿಷಕ್ಕೆ ಮುಖ ತೊಳೆದುಕೊಂಡು ಮತ್ತೆ ಬಂದಳು.

“ಸರ, ನಿಯಮದ ಪುಸ್ತಕ ಐತೇನ್ರಿ? ಒಮ್ಮಿ ನಾನ ಓದ್ತೀನಿ.”

ಆ ಮಾತನ್ನು ಆ ಕೋಣೆಯಲ್ಲಿ ಯಾರೂ ಆಡಿದ್ದಿಲ್ಲ. ಮಕಾನದಾರರು ಜೆರಾಕ್ಸ್ ಪ್ರತಿ ಕೊಟ್ಟರು. ಅವಳು ಬೆಂಚಿನ ಮೇಲೆ ಕೂತು ಬೆರಳಿಟ್ಟು ಓದಿದಳು.

“ಸರ, ಒಂದು, ಮೂರು, ಐದು, ಏಳು… ನಡುವಿನ ಪುಟ ಎಲ್ಲಿ ಹೋದುವ್ರಿ? ಏಳನೇದ್ರಾಗ ಒಂದ್ ಮಾತು ಅರ್ಧಕ್ಕ ನಿಂತೈತಿ.”

ಮಕಾನದಾರರು ಹಾಳೆ ತಿರುಗಿಸಿದರು. ಖಾಲಿ. ಇನ್ನೊಂದು ತಿರುಗಿಸಿದರು. ಅದೂ ಖಾಲಿ. ಅವರ ಮುಖದ ಬಣ್ಣ ಇಳಿಯಿತು.

“ಯಾ ಅಲ್ಲಾ! ಇದನ್ನ ನಾನ ಮಾಡ್ಸಿದ್ದು,” ಎಂದರು.

ಮೂಲಪ್ರತಿಗಾಗಿ ಎರಡು ದಿನ ಇಬ್ಬರೂ ಕಪಾಟುಗಳನ್ನೆಲ್ಲ ಜಾಲಾಡಿದರು. ಮೂರನೆಯ ದಿನ ಕಸ್ತೂರಿ ಸೋತು ಬೆಂಚಿನ ಮೇಲೆ ಕೂತಿದ್ದಳು. ಮಕಾನದಾರರು ಏನೋ ಪಟ್ಟಿ ಮುದ್ರಣಕ್ಕೆ ಹಾಕಿದರು. ಪ್ರಿಂಟರು ಅಲುಗಾಡತೊಡಗಿತು. ಹನ್ನೊಂದು ವರ್ಷ ಯಂತ್ರಗಳ ಸೇವೆ ಮಾಡಿದವಳು, ಯಂತ್ರ ನಡುಗಿದರೆ ಕೈಕಟ್ಟಿ ಕೂರುವುದು ಅವಳಿಂದಾಗದು. ಎದ್ದು ಬಂದು ಬಗ್ಗಿದಳು.

“ಇದರ ಕಾಲಿಗೆ ಏನ್ ಇಟ್ಟೀರಿ ಸರ?”

ಒಂದು ಕೈಯಲ್ಲಿ ಪ್ರಿಂಟರು ಎತ್ತಿ ಇನ್ನೊಂದು ಕೈಯಲ್ಲಿ ನನ್ನನ್ನು ಎಳೆದಳು. ನಾಲ್ಕು ವರ್ಷದ ಧೂಳನ್ನು ಸೆರಗಿನಿಂದ ಒರೆಸಿದಳು. ನೇರ ಎಂಟನೆಯ ಪುಟಕ್ಕೆ ಹೋದಳು. ಅವಳ ಬೆರಳು ಒಂದೊಂದೇ ಸಾಲು ಇಳಿಯಿತು. ಮೊದಲ ನಿಯಮ ಓದಿ ಅವಳ ಮುಖ ಬಾಡಿತು. ಬೆರಳು ಮುಂದೆ ಹೋಯಿತು. ಕೆಳಗಿನಿಂದ ಆರನೆಯ ಸಾಲಿನಲ್ಲಿ ನಿಂತಿತು. ಆ ಸಾಲನ್ನು ಅವಳು ಗಟ್ಟಿಯಾಗಿ ಓದಿದಳು, ಮತ್ತೆ ಓದಿದಳು, ಮೂರನೆಯ ಸಲ ಓದುವಾಗ ಅಳುತ್ತಿದ್ದಳು. ನನ್ನ ಬದುಕಿನಲ್ಲಿ ನನಗೆ ಸಂತೋಷವಾದದ್ದು ಆ ಒಂದು ಹೊತ್ತು.

ಮಕಾನದಾರರು ಅವಳ ಅರ್ಜಿಯನ್ನು ತಾವೇ ಬೆರಳಚ್ಚು ಮಾಡಿ, ತಾವೇ ಪರೀಕ್ಷಾ ವಿಭಾಗಕ್ಕೆ ನಡೆದರು. ಸಂಜೆಗೆ ಬೆವರೊರೆಸುತ್ತ ವಾಪಸ್ಸು ಬಂದರು.

“ಜೆರಾಕ್ಸ್ ನಡ್ಯಂಗಿಲ್ಲಂತ. ಮೂಲಪ್ರತಿ ಹಾಳಿನ ಬೇಕಂತ. ಒಮ್ಮಿ ನಡಿಸಿದ್ದಕ್ಕ ಇಷ್ಟೆಲ್ಲ ಆತಲ್ಲ, ನಾ ಏನ್ ಅನ್ಲಿ?”

ಟ್ಯಾಗು ಬಿಚ್ಚಿ ನನ್ನ ನಾಲ್ಕನೆಯ ಹಾಳೆಯನ್ನು ಹೊರತೆಗೆದರು. ಏಳು ಮತ್ತು ಎಂಟು. ನೋವಾಗಲಿಲ್ಲ ಎಂದರೆ ಸುಳ್ಳಾದೀತು. ನನ್ನಲ್ಲಿ ಯಾರಾದರೂ ಓದಿದ್ದು ಅದೊಂದನ್ನೇ, ಅದೇ ಹೊರಟುಹೋಯಿತು.

ಬೇಸಿಗೆಯಲ್ಲಿ ಅವಳನ್ನು ಸೇರಿಸಿಕೊಂಡದ್ದು ಗ್ರಂಥಾಲಯ ವಿಜ್ಞಾನ ವಿಭಾಗ. ಪುಸ್ತಕಗಳಿಗೆ ಸಂಖ್ಯೆ ಕೊಡುವುದು, ಪಟ್ಟಿ ಮಾಡುವುದು, ಕೇಳಿದವರಿಗೆ ಹುಡುಕಿಕೊಡುವುದು ಅಲ್ಲಿಯ ವಿದ್ಯೆ. ಅಭ್ಯಾಸಕ್ಕೆಂದು ಪ್ರತಿಯೊಬ್ಬರೂ ಒಂದು ಪುಸ್ತಕಕ್ಕೆ ಚೀಟಿ ಬರೆಯಬೇಕಿತ್ತು. ಕಸ್ತೂರಿ ನನ್ನನ್ನು ಒಯ್ದಳು. ಹೆಸರು, ವರ್ಷ, ಹಾಳೆಗಳು ಬರೆದಳು. ಷರಾ ಎಂಬ ಅಂಕಣದಲ್ಲಿ ಕೊರತೆಯನ್ನು ನಮೂದಿಸಬೇಕಂತೆ. ‘ಪುಟ ೭–೮ ಇಲ್ಲ’ ಎಂದು ಬರೆದು, ಚೀಟಿಯನ್ನು ನನ್ನೊಳಗೇ ಇಟ್ಟಳು. ಆಮೇಲೆ ನನ್ನನ್ನು ನಮ್ಮ ವಿಭಾಗದ ಪುಟ್ಟ ಗ್ರಂಥಾಲಯದ ಕಪಾಟಿನ ಕೆಳಗಿನ ಅರೆಯಲ್ಲಿ ಗೋಡೆಗೆ ಒರಗಿಸಿಟ್ಟಳು. ಪ್ರಿಂಟರಿನ ಕಾಲಿಗೆ ಮಕಾನದಾರರು ಒಂದು ಇಟ್ಟಿಗೆ ಚೂರು ತಂದರು.

ಆಗಸ್ಟಿನ ಒಂದು ಮಧ್ಯಾಹ್ನ ಅವಳು ಬಂದಳು. ಗದಗದಿಂದ ಮಕಾನದಾರರಿಗೆಂದು ಬದನೆಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದಳು. ದಾರಿಯಲ್ಲೇ ಆರಿ ತಣ್ಣಗಾಗಿದ್ದವು. ಮಕಾನದಾರರು ಒಂದೂ ಬಿಡದೆ ತಿಂದರು.

“ಪಾಠ ಹೆಂಗ್ ನಡದೈತಿ ತಂಗಿ?”

“ಮೊದಲನೇ ದಿನ ರೂಢಿಗೆ ಗ್ವಾಡಿಗೆ ಹೋಗಿ ನಿಂತಿದ್ದೆ ನೋಡ್ರಿ ಸರ. ಹುಡುಗ್ರ ನನ್ನ ಕರದು ಹಲಗಿ ಮುಂದ ನಿಲ್ಲಿಸಿದ್ರು.”

ಹೊರಡುವ ಮೊದಲು ನನ್ನ ಬಳಿ ಬಂದು ನೆಲದ ಮೇಲೆ ಕೂತಳು. ರಟ್ಟು ತೆರೆದು, ಒಳಗಿದ್ದ ಚೀಟಿ ತೆಗೆದು, ಏನನ್ನೋ ಹೊಡೆದುಹಾಕಿ ಏನನ್ನೋ ಬರೆದಳು. ನನ್ನನ್ನು ಮುಚ್ಚಿ ಹೋದಳು. ಆಮೇಲೆ ಅವಳು ಬಂದಿಲ್ಲ. ಬರಬೇಕಾದ ಕಾರಣವೂ ಇಲ್ಲ.

ಈಗ ಹೊಸ ಪಠ್ಯಕ್ರಮ ಬಂದಿದೆ. ಅದು ಪರದೆಯ ಮೇಲಿದೆಯಂತೆ, ರಟ್ಟಿಲ್ಲ, ಟ್ಯಾಗಿಲ್ಲ. ಅದನ್ನಾದರೂ ಓದುತ್ತಾರೋ ಇಲ್ಲವೋ, ನನಗೆ ಹೇಳುವವರಿಲ್ಲ. ಮಕಾನದಾರರೂ ನಿವೃತ್ತರಾದರು. ನನ್ನ ನಿಯಮಗಳು ಯಾರಿಗೂ ಅನ್ವಯಿಸುವುದಿಲ್ಲ. ಕಿಟಕಿಯ ಬಿಸಿಲು ಮಧ್ಯಾಹ್ನ ನನ್ನವರೆಗೆ ಬಂದು ಹಿಂದಕ್ಕೆ ಹೋಗುತ್ತದೆ. ದಿನವಿಡೀ ಒಬ್ಬನೇ. ಏಳು ಎಂಟು ಇದ್ದ ಜಾಗದಲ್ಲಿ ಹಾಳೆಗಳು ಸ್ವಲ್ಪ ಸಡಿಲವಾಗಿವೆ, ಗಾಳಿ ಬಂದರೆ ಅಲ್ಲಿಗೇ ತೆರೆದುಕೊಳ್ಳುತ್ತೇನೆ. ಚೀಟಿಯೂ ಅಲ್ಲಿಯೇ ಇದೆ. ‘ಇಲ್ಲ’ ಎಂಬ ಮಾತನ್ನು ಹೊಡೆದುಹಾಕಿದ್ದಾಳೆ. ಷರಾ ಅಂಕಣದಲ್ಲಿ ಅವಳ ದುಂಡು ಅಕ್ಷರದಲ್ಲಿ ಹೀಗಿದೆ: ‘ಪುಟ ೭–೮ ಕೆಲಸಕ್ಕೆ ಹೋಗಿವೆ.’