ಬೀಳುವವರ ಮನೆತನ

ಆ ಮನೆಯ ಗಂಡಸರೆಲ್ಲ ಬಿದ್ದು ಸತ್ತವರು. ಕೇಳಿದವರಿಗೂ ಕೇಳದವರಿಗೂ ಅವರು ಹೇಳಿಕೊಳ್ಳುತ್ತಿದ್ದುದು ಅದನ್ನೇ. ತಲೆತಲಾಂತರದಿಂದ ಗೋಡೆಗೆ ಬಣ್ಣ ಬಳಿಯುವ ಕಸುಬು. ಅಜ್ಜ ಬಿದ್ದ, ಅಪ್ಪ ಬಿದ್ದ, ಚಿಕ್ಕಪ್ಪನೂ ಬಿದ್ದ, ಒಬ್ಬರೂ ಐವತ್ತು ಕಾಣಲಿಲ್ಲ. ಹಾಗಾಗಿ ಉಳಿದ ಅಣ್ಣತಮ್ಮಂದಿರಿಬ್ಬರು ಬೀಳದಿರುವುದನ್ನೇ ವ್ರತ ಮಾಡಿಕೊಂಡಿದ್ದರು. ತಮ್ಮನಂತೂ ಸೊಂಟಕ್ಕೆ ಒಂದು ಹಗ್ಗ ಸಾಲದೆಂದು ಎರಡು ಬಿಗಿಯುತ್ತಿದ್ದ. ಕೆಳಗಿನ ಕಿಟಕಿಗೆ ಬಣ್ಣ ಹಚ್ಚುವಾಗಲೂ ಹಗ್ಗ ಬಿಚ್ಚದ ಅವನಿಗೆ ಜೊತೆಯವರು ಹಗ್ಗಪ್ಪ ಎಂದು ಹೆಸರಿಟ್ಟಿದ್ದರು. ಕೋಪ ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಎತ್ತರದಲ್ಲಿ ಕೆಲಸ ಮಾಡುವವರೆಲ್ಲ ಡಾಕ್ಟರಿಗೆ ತೋರಿಸಿಕೊಂಡು ಬರಬೇಕೆಂದು ಮೇಸ್ತ್ರಿ ಅಪ್ಪಣೆ ಮಾಡಿದ್ದ. ಅಣ್ಣ ಹೋದ ವಾರವೇ ಹೋಗಿಬಂದಿದ್ದ. ಇವತ್ತು ಹಗ್ಗಪ್ಪನ ಸರದಿ. ಕುರ್ಚಿಯ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದ.

"ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ತೊಂದ್ರೆ ಇತ್ತಾ?" ಡಾಕ್ಟರಮ್ಮ ಕೇಳಿದರು.

"ಇಲ್ಲ ಮೇಡಂ. ನಮ್ಮಲ್ಲೆಲ್ಲಾ ಐವತ್ತರೊಳಗೇ ಬಿದ್ದು ಹೋಗೋರು. ಅಪ್ಪ ಏಣಿಯಿಂದ, ಚಿಕ್ಕಪ್ಪ ಸ್ಟೂಲಿಂದ."

"ಎಷ್ಟೆತ್ತರದ ಸ್ಟೂಲು?"

ಹಗ್ಗಪ್ಪ ತನ್ನ ಮೊಣಕಾಲು ಮುಟ್ಟಿ ತೋರಿಸಿದ.

"ಅಜ್ಜ?"

"ಬೆಂಚಿಂದ. ಕೂತಿದ್ರಂತೆ."

ಹೇಳಿದವನ ಕೈ ಮೊಣಕಾಲ ಮೇಲೇ ಉಳಿಯಿತು. ನೂರು ಸಲ ಹೇಳಿದ ಕಥೆ. ಒಂದು ಸಲವಾದರೂ ಎತ್ತರ ಎಷ್ಟೆಂದು ಯೋಚಿಸಿದ್ದನೇ, ಪೆದ್ದು ಮುಂಡೇದು!

"ಬೆಂಚಿಂದ ಬಿದ್ದು ಯಾರಪ್ಪ ಸಾಯ್ತಾರೆ?" ಡಾಕ್ಟರಮ್ಮನ ದನಿ ಮೆತ್ತಗಾಯಿತು. "ಹೃದಯ ಕೈಕೊಟ್ಟು ಬಿದ್ದಿರ್ಬಹುದು. ಈಗ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಮೂರು ಜನ ಇಷ್ಟು ಬೇಗ ಹೋಗಿದಾರೆ ಅಂದ್ರೆ, ನಿನ್ನನ್ನೂ ಹೋದ ವಾರ ಬಂದಿದ್ದ ನಿಮ್ಮಣ್ಣನ್ನೂ ಪೂರ್ತಿ ಪರೀಕ್ಷೆ ಮಾಡ್ಲೇಬೇಕು. ಎದೆನೋವು, ಏದುಸಿರು ಏನಾದ್ರೂ ಇದೆಯಾ?"

"ನನಗಿಲ್ಲ," ಎಂದವನಿಗೆ ಅಣ್ಣನ ನೆನಪಾಯಿತು. ಅಣ್ಣ ಈಚೆಗೆ ಗೋಡೆಗೆ ಕಟ್ಟಿದ ಕಂಬಗಳ ಸಾರುವೆ ಹತ್ತುವಾಗ ನಡುವೆ ನಿಲ್ಲುತ್ತಿದ್ದ. ಬೆವರು ಒರೆಸಿಕೊಂಡು ಎಡಭುಜ ನೀವಿಕೊಳ್ಳುತ್ತಿದ್ದ. ರೋಲರ್ ಹಿಡಿದೂ ಹಿಡಿದೂ ಕೈ ಹಿಡ್ಕೊಂಡಿದೆ ಎನ್ನುತ್ತಿದ್ದ. ಅವನೂ ಇದೇ ಕುರ್ಚಿಯಲ್ಲಿ ಕೂತು ಇದೇ ಬೀಳುವ ಕಥೆ ಹೇಳಿ ಎದ್ದುಹೋದವನು. ಹಗ್ಗಪ್ಪ ಅಣ್ಣನ ಭುಜದ ವಿಷಯವನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿದ.

"ಈಗ್ಲೇ ಅವ್ರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ನಾನು ಫೋನ್ ಮಾಡಿರ್ತೀನಿ. ಗಾಬರಿ ಮಾತ್ರ ಮಾಡಿಸ್ಬೇಡ."

ದಾರಿಯುದ್ದಕ್ಕೂ ಹಗ್ಗಪ್ಪ ಫೋನು ಒತ್ತಿದ. ಅಣ್ಣ ಎತ್ತಲಿಲ್ಲ. ಬಸ್ಸು ಆಮೆಯಂತೆ ತೆವಳಿತು; ಜೀವ ತಡೆಯದೆ ನಡುದಾರಿಯಲ್ಲೇ ಇಳಿದು ಓಡಿದ. ಕಟ್ಟಡದ ಮುಂದೆ ನಿಂತು ಕತ್ತೆತ್ತಿದರೆ ನಾಲ್ಕನೇ ಮಹಡಿಯ ಸಾರುವೆಯ ಮೇಲೆ ಅಣ್ಣನ ಬೆನ್ನು ಕಂಡಿತು. ಅಲ್ಲಿಂದಲೇ ನಿಜ ಕೂಗಿದರೆ ಏನಾದೀತೋ ಎಂದು ಹೆದರಿ, ಬಾಯಿಗೆ ಬಂದ ಸುಳ್ಳು ಬಿಟ್ಟ.

"ಅಣ್ಣಾ, ಬಣ್ಣ ಬದಲಾಯ್ತಂತೆ! ಕಿಟಕಿಯಿಂದ ಒಳಗೆ ಹೋಗಿ ಲಿಫ್ಟಲ್ಲಿ ಬಾ."

"ಅದಕ್ಕೇ ಬಡ್ಕೊಂಡೆ, ಈ ಹಸಿರು ವಾಂತಿ ಮಾಡ್ದಂಗಿದೆ ಅಂತ," ಎಂದು ಗೊಣಗುತ್ತ ಅಣ್ಣ ಕೆಳಗೆ ಬಂದ.

ಕೆಳಗೆ ಅವನನ್ನು ಬಣ್ಣದ ಡಬ್ಬದ ಮೇಲೆ ಕೂರಿಸಿ ಹಗ್ಗಪ್ಪ ಡಾಕ್ಟರಮ್ಮನ ಮಾತನ್ನೆಲ್ಲ ಒಪ್ಪಿಸಿದ. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು.

"ನಿನಗೆ ತಲೆ ಕೆಟ್ಟಿದೆ. ಅಪ್ಪ ಏಣಿಯಿಂದ ಬಿದ್ರು. ನಾನು ಅಲ್ಲೇ ಇದ್ದೆ."

"ಚಿಕ್ಕಪ್ಪ? ಆ ಮೋಟು ಸ್ಟೂಲಿಂದ ಬಿದ್ದು ಸತ್ರಾ?"

ಅಣ್ಣ ಬಣ್ಣ ಮೆತ್ತಿದ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಅವತ್ತು ಕೆಳಗೆ ಏಣಿ ಹಿಡ್ಕೊಂಡಿದ್ದು ನಾನು," ಅಣ್ಣ ಹೇಳಿದ. "ನೀನಿನ್ನೂ ಕೈಗೂಸು. ಅಪ್ಪ ಬ್ರಷ್ ಬಿಟ್ಟು ಎದೆ ಹಿಡ್ಕೊಂಡ್ರು ಕಣೋ. ಆಮೇಲೆ ಬಿದ್ರು. ನಾನು ನೋಡ್ದೆ."

"ಯಾಕೆ ಹೇಳ್ಲಿಲ್ಲ?"

"ಏಣಿ ಬಿಟ್ಟುಬಿಟ್ಟು ಈಗ ಕಥೆ ಕಟ್ತಾನೆ ಅಂತಾರೆ ಅಂತ. ಎಲ್ರೂ ನನ್ನ ಕೈ ನೋಡ್ತಿದ್ರು. ಕೊನೆಗೆ ನನಗೂ ಬಿಟ್ಟೆ ಅಂತಲೇ ಅನಿಸಿಬಿಡ್ತು."

ಹಗ್ಗಪ್ಪನಿಗೆ ದುಃಖ ಉಕ್ಕಿಬಂತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ತನಗೆ ಇದು ಗೊತ್ತಿರಲಿಲ್ಲ.

"ನೀನು ಬಿಟ್ಟಿರ್ಲಿಲ್ಲ, ಅಣ್ಣ."

ಅಣ್ಣ ಅಳುತ್ತಿದ್ದ. ಅಳುತ್ತಲೇ ಎಡಭುಜ ನೀವಿಕೊಂಡ.

"ಗಾಡಿ ಕರಿ," ಎಂದ. "ಡಾಕ್ಟ್ರಿಗೆ ನಾನೇ ಹೇಳ್ತೀನಿ. ನೋಡಿದವನು ನಾನೊಬ್ಬನೇ."